ಕೊಂಡಿ ತೆಗೆಸಿ ಪಾಲಿಶ್ ಮಾಡಿಸಿದ ಹಳೆಯ ಬೆಳ್ಳಿ ರೂಪಾಯಿ ಅಸಲಿಯೇ ಎಂದು ತಿಳಿಯುವುದು ಹೇಗೆ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥ ಮಾಡಿಕೊಂಡದ್ದು ಹೀಗೆ: ಅಜ್ಜಿಯ ರೂಪಾಯಿ ಸರವನ್ನು ಬಿಚ್ಚಿಸಿ, ಅಕ್ಕಸಾಲಿಗರ ಹತ್ತಿರ ಕೊಂಡಿಗಳನ್ನು ತೆಗೆಸಿ, ಪಾಲಿಶ್ ಮಾಡಿಸಿದ್ದೀರಿ. ಕೈಯಲ್ಲಿರುವುದು ಐದು ನಾಣ್ಯ. ವಿಕ್ಟೋರಿಯಾ ರಾಣಿಯ 1862 ಮತ್ತು 1901, ಎಡ್ವರ್ಡ್‌ನ 1907, ಐದನೆಯ ಜಾರ್ಜ್‌ನ 1912 ಮತ್ತು 1919. ಒಡವೆ ಅಂಗಡಿಯ ಯಂತ್ರ ಶೇಕಡಾ 94 ಬೆಳ್ಳಿ ಎಂದು ತೋರಿಸಿತು. ನಾಣ್ಯ ಕೊಳ್ಳುವವರು ಅಂಗೈಯಲ್ಲಿ ಒಮ್ಮೆ ಹೊರಳಿಸಿ, "ಇದು ಹೊಸ ಮಾಲು" ಎಂದು ವಾಪಸು ಕೊಟ್ಟರು. ಯಾರನ್ನು ನಂಬಬೇಕು ಎಂದು ಕೇಳಿದ್ದೀರಿ.

ಇಬ್ಬರನ್ನೂ ಪೂರ್ತಿ ನಂಬಬೇಡಿ. ಯಂತ್ರ ಹೇಳಿದ್ದು ಲೋಹದ ವಿಷಯ, ನಾಣ್ಯದ ವಿಷಯವಲ್ಲ. ಹಬ್ಬದ ಕಾಲದಲ್ಲಿ ರಾಜ ರಾಣಿಯರ ತಲೆಯ ಅಚ್ಚು ಹಾಕಿ ಒಳ್ಳೆಯ ಬೆಳ್ಳಿಯಲ್ಲೇ ಹೊಸದಾಗಿ ಮಾಡಿದ ಬಿಲ್ಲೆಗಳು ಮಾರಾಟವಾಗುತ್ತವೆ. ಯಂತ್ರಕ್ಕೆ ಅವೂ ಬೆಳ್ಳಿಯೇ. ವ್ಯಾಪಾರಿಯದು ಹೊಳಪು ಕಂಡೊಡನೆ ಹಿಂಜರಿಯುವ ಅಭ್ಯಾಸ. ಪಾಲಿಶ್ ಆದ ನಾಣ್ಯದ ಬೆಲೆ ಇಳಿಯುತ್ತದೆ ಎಂಬುದು ನಿಜ, ಆದರೆ ಬೆಲೆ ಇಳಿದ ಮಾತ್ರಕ್ಕೆ ನಾಣ್ಯ ನಕಲಿಯಾಗುವುದಿಲ್ಲ. ನಾಣ್ಯಗಳಿಗೆ ದರ್ಜೆ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳೂ ಇಂಥವನ್ನು ಅಸಲಿ ಎಂದು ಒಪ್ಪಿ, ಉಜ್ಜಲಾಗಿದೆ ಅಥವಾ ಕೊಂಡಿ ತೆಗೆಯಲಾಗಿದೆ ಎಂದು ಪಕ್ಕದಲ್ಲಿ ನಮೂದಿಸುತ್ತವೆ.

ಆ 94ರ ಲೆಕ್ಕವನ್ನೂ ಬಿಡಿಸಿಬಿಡುತ್ತೇನೆ, ಏಕೆಂದರೆ ಅನುಮಾನಕ್ಕೆ ಅದೂ ಒಂದು ಕಾರಣವಾಗಿರಬಹುದು. 1835ರ ಕಾನೂನಿನಿಂದ ಏಕರೂಪವಾದ ರೂಪಾಯಿಯ ತೂಕ 180 ಗ್ರೈನ್, ಅಂದರೆ ಒಂದು ತೊಲ, 11.66 ಗ್ರಾಂ. ಅದರಲ್ಲಿ 12ರಲ್ಲಿ 11 ಭಾಗ ಬೆಳ್ಳಿ, ಸುಮಾರು ಶೇಕಡಾ 91.7, ಉಳಿದದ್ದು ತಾಮ್ರ. ಹಾಗಾದರೆ 94 ಎಲ್ಲಿಂದ ಬಂತು? ಅಕ್ಕಸಾಲಿಗರು ಬೆಸುಗೆಯ ಕೆಲಸ ಮುಗಿದ ಮೇಲೆ ಒಡವೆಯನ್ನು ಬಿಸಿ ಆಮ್ಲದಲ್ಲಿ ಅದ್ದಿ ಬೆಳ್ಳಗೆ ಮಾಡುತ್ತಾರೆ. ಆಗ ಮೇಲ್ಮೈಯ ತಾಮ್ರ ಕರಗಿಹೋಗಿ, ಹೊರಗೆ ಹೆಚ್ಚು ಶುದ್ಧವಾದ ಬೆಳ್ಳಿಯ ತೆಳುವಾದ ಪದರ ಉಳಿಯುತ್ತದೆ. ಕ್ಷ-ಕಿರಣದ ಯಂತ್ರ ಓದುವುದು ಆ ಹೊರಪದರವನ್ನೇ. ಆದ್ದರಿಂದ ಎರಡು ಮೂರು ಅಂಶ ಹೆಚ್ಚು ತೋರಿಸುವುದು ಅಸಹಜವಲ್ಲ. ಬೆಳ್ಳಿಯ ಲೇಪ ಕೊಟ್ಟ ತಾಮ್ರದ ಬಿಲ್ಲೆಯೂ ಅದೇ ಯಂತ್ರದ ಮುಂದೆ ಸಂಭಾವಿತನಂತೆ ನಿಲ್ಲಬಲ್ಲದು ಎಂಬುದು ಬೇರೆ ಮಾತು.

ಒಳಗಿನ ಲೋಹವನ್ನು ತಿಳಿಯಲು ನೀರಿನ ತೂಕವೇ ಸುಲಭ. ಗ್ರಾಂನ ನೂರನೇ ಭಾಗದವರೆಗೆ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ ಬೇಕು. ಮೊದಲು ನಾಣ್ಯವನ್ನು ಒಣದಾಗಿ ತೂಗಿ ಬರೆದುಕೊಳ್ಳಿ. ಆಮೇಲೆ ಅರ್ಧ ಲೋಟ ನೀರನ್ನು ತಕ್ಕಡಿಯ ಮೇಲಿಟ್ಟು ಅಂಕಿಯನ್ನು ಸೊನ್ನೆಗೆ ತನ್ನಿ. ನಾಣ್ಯವನ್ನು ತೆಳುವಾದ ನೂಲಿನಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ಆದರೆ ತಳಕ್ಕೂ ಬದಿಗೂ ತಾಗದಂತೆ ಕೈಯಲ್ಲೇ ಹಿಡಿದು ಇಳಿಬಿಡಿ. ಗಾಳಿಯ ಗುಳ್ಳೆ ಅಂಟಿದ್ದರೆ ಲೆಕ್ಕ ಕೆಡುತ್ತದೆ, ಅಲ್ಲಾಡಿಸಿ ಬಿಡಿಸಿ. ಪೂರ್ಣ ತೂಕದ ಅಸಲಿ ರೂಪಾಯಿಗೆ ತಕ್ಕಡಿ ಸುಮಾರು 1.13 ತೋರಿಸುತ್ತದೆ. ಒಣ ತೂಕವನ್ನು ಈ ಅಂಕಿಯಿಂದ ಭಾಗಿಸಿದರೆ 10.3ರ ಆಸುಪಾಸು ಬರಬೇಕು. ಜರ್ಮನ್ ಸಿಲ್ವರ್ ಎಂಬ ಬೆಳ್ಳಿಯಿಲ್ಲದ ಬಿಳಿ ಲೋಹದಲ್ಲಿ ಮಾಡಿದ್ದರೆ ಅಷ್ಟೇ ತೂಕದ ಬಿಲ್ಲೆ ಸುಮಾರು 1.34 ತೋರಿಸಿ, ಭಾಗಲಬ್ಧ 8.7ರ ಹತ್ತಿರ ನಿಲ್ಲುತ್ತದೆ. ಸವೆತದಿಂದ, ಅರ ಹಾಕಿದ್ದರಿಂದ ನಿಮ್ಮ ನಾಣ್ಯ 11.66ರ ಬದಲು 11.2 ತೂಗಬಹುದು, ಗಾಬರಿ ಬೇಡ, ತೂಕ ಕಡಿಮೆಯಾದರೂ ಭಾಗಲಬ್ಧ ಬದಲಾಗುವುದಿಲ್ಲ. ಹೊಸದಾಗಿ ಪಾಲಿಶ್ ಆದದ್ದು 11.66ಕ್ಕಿಂತ ಎದ್ದುಕಾಣುವಷ್ಟು ಹೆಚ್ಚು ತೂಗಿದರೆ ಮಾತ್ರ ನಿಲ್ಲಿ. ಹೆಚ್ಚಾದದ್ದು ಉಳಿದುಕೊಂಡ ಬೆಸುಗೆಯೋ ಬೇರೇನೋ ನೋಡಬೇಕು. 1940ರಿಂದ ಬಂದ ರೂಪಾಯಿಗಳಲ್ಲಿ ಬೆಳ್ಳಿ ಅರ್ಧಕ್ಕಿಳಿಯಿತು, ಅವುಗಳಿಗೆ ಈ ಲೆಕ್ಕ ಹೊಂದುವುದಿಲ್ಲ. ಅಯಸ್ಕಾಂತದ ಪರೀಕ್ಷೆಯನ್ನು ಬಹಳ ಜನ ಹೇಳುತ್ತಾರೆ. ಅದು ಕಬ್ಬಿಣವನ್ನು ಹಿಡಿದುಕೊಡುತ್ತದೆ, ಅಷ್ಟೇ.

ಇಷ್ಟು ಮಾಡಿದರೂ ಸಿಕ್ಕ ಉತ್ತರ ಒಳಗೂ ಬೆಳ್ಳಿಯೇ ಎಂಬುದು. ನಾಣ್ಯವೇ ಎಂಬುದಕ್ಕೆ ಕಣ್ಣು ಬೇಕು, ಜೊತೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ. ಪಾಲಿಶ್ ಚಕ್ರ ಅಕ್ಷರಗಳ ನೆತ್ತಿಯನ್ನು ಸವೆಸುತ್ತದೆ, ಬುಡಕ್ಕೆ ತಲುಪುವುದಿಲ್ಲ. ಹಾಗಾಗಿ ಅಕ್ಷರದ ಬುಡವನ್ನು ನೋಡಿ. ಟಂಕಸಾಲೆಯಲ್ಲಿ ಅಚ್ಚಿನ ಕೆಳಗೆ ಬಲವಾಗಿ ಒತ್ತಿದ ನಾಣ್ಯದಲ್ಲಿ ಅಕ್ಷರ ನೆಲದಿಂದ ನೆಟ್ಟಗೆ ಏಳುತ್ತದೆ, ನೆಲ ಮತ್ತು ಅಕ್ಷರ ಸೇರುವಲ್ಲಿ ಚೂಪಾದ ಮೂಲೆ ಇರುತ್ತದೆ. ಎರಕ ಹೊಯ್ದದ್ದರಲ್ಲಿ ಆ ಮೂಲೆ, ಮಳೆಗೆ ನೆನೆದ ಮಣ್ಣಿನ ಗೋಡೆಯ ಬುಡದಂತೆ, ಇಳಿಜಾರಾಗಿ ಹರಡಿರುತ್ತದೆ. ಅಲ್ಲಲ್ಲಿ ಸೂಜಿಮೊನೆಯ ಗುಳಿಗಳೂ, ಸಂದುಗಳಲ್ಲಿ ಮರಳಿನಷ್ಟು ಸಣ್ಣ ಉಬ್ಬುಗಳೂ ಕಾಣುತ್ತವೆ. ನೆತ್ತಿ ನುಣುಪಾಗಿ, ಬುಡ ಚೂಪಾಗಿದ್ದರೆ ಅದು ಎರಕದ್ದಲ್ಲ, ಉಜ್ಜಿದ ಅಸಲಿಯಾಗಿರಬಹುದು. ಎರಡೂ ಮೆತ್ತಗಾಗಿದ್ದರೆ ನನಗೆ ನಂಬಿಕೆ ಬರುವುದಿಲ್ಲ.

ಅದೇ ಸಂದುಗಳಲ್ಲಿ ಇನ್ನೊಂದು ಸಾಕ್ಷಿಯೂ ಉಳಿದಿರುತ್ತದೆ. ನಮ್ಮ ಮನೆಗಳಲ್ಲಿ ಈ ರೂಪಾಯಿಗಳು ಸುಮ್ಮನೆ ಕುಳಿತವಲ್ಲ. ಕೊರಳಲ್ಲಿ ಬೆವರು ಕುಡಿದಿವೆ, ವರಮಹಾಲಕ್ಷ್ಮಿಯ ಮುಂದೆ ಕುಂಕುಮ ಹಚ್ಚಿಸಿಕೊಂಡಿವೆ, ಹುಣಸೆಹಣ್ಣು, ವಿಭೂತಿಗಳಿಂದ ತಿಕ್ಕಿಸಿಕೊಂಡಿವೆ. ಅಂಚಿನ ಒಳಗಿನ ಸಣ್ಣ ಮಣಿಸಾಲಿನ ನಡುವೆ, ಕೂದಲಿನ ಗೆರೆಗಳಲ್ಲಿ ಕಪ್ಪು, ಕೆಂಪು ಅಥವಾ ಹಿಂದೊಮ್ಮೆ ಕೊಟ್ಟಿದ್ದ ಚಿನ್ನದ ಮುಲಾಮಿನ ಹಳದಿ ಉಳಿದಿದೆಯೇ ನೋಡಿ. ಇದ್ದರೆ ನಾಣ್ಯಕ್ಕೆ ಒಂದು ಬದುಕು ಇತ್ತು ಎಂದಾಯಿತು. ಆದರೆ ಇದೊಂದನ್ನೇ ನೆಚ್ಚಬೇಡಿ, ಕಪ್ಪು ಬಳಿದು ಹಳತಾಗಿಸುವವರೂ ಇದ್ದಾರೆ. ಬಳಿದ ಕಪ್ಪು ಎಲ್ಲ ಕಡೆ ಒಂದೇ ಸಮನಾಗಿರುತ್ತದೆ.

ಇನ್ನು ಅಂಚು. ಕೊಂಡಿ ಇದ್ದದ್ದು ಹೆಚ್ಚಾಗಿ ತಲೆಯ ನೇರ ಮೇಲೆ. ನಾಣ್ಯವನ್ನು ಅಡ್ಡ ಹಿಡಿದು ನಿಧಾನವಾಗಿ ತಿರುಗಿಸಿ. ಟಂಕಸಾಲೆಯ ಹಲ್ಲುಗಳು ಒಂದೇ ಅಗಲ, ಒಂದೇ ಅಂತರದಲ್ಲಿ ಸುತ್ತ ಓಡುತ್ತವೆ. ಬೆಸುಗೆಯ ಜಾಗ ಬಂದಾಗ ಅವು ನಿಂತುಹೋಗಿ ಬೋಳು ಪಟ್ಟಿ ಕಾಣಬಹುದು. ಇಲ್ಲವೇ ಅರದಿಂದ ಕೈಯಾರೆ ಕೊರೆದ ಓರೆಕೋರೆ ಗೀರುಗಳು ಕಾಣಬಹುದು. ಬೆಸುಗೆಯಲ್ಲಿ ಸತು ಬೆರೆತಿರುವುದರಿಂದ ಆ ಜಾಗದ ಬಣ್ಣ ತುಸು ಬೇರೆ. ಕೆಲವು ತಿಂಗಳು ಬಿಟ್ಟರೆ ಅದು ಕಪ್ಪಾಗುವ ರೀತಿಯೂ ಬೇರೆ. ಇಂಥ ಗುರುತು ಕಂಡರೆ ಬೇಸರ ಪಡಬೇಡಿ. ಸರದಿಂದ ಬಿಡಿಸಿದ್ದು ಎಂದು ನೀವೇ ಹೇಳುತ್ತಿರುವ ನಾಣ್ಯದಲ್ಲಿ ಆ ಗಾಯ ಇರಲೇಬೇಕು, ಇಲ್ಲದಿದ್ದರೆ ನಾನು ಅನುಮಾನಿಸುತ್ತೇನೆ. ಪಾಲಿಶ್‌ಗೆ ಕೊಟ್ಟ ನಾಣ್ಯವೇ ತಿರುಗಿ ಬಂದಿದೆಯೇ ಎಂಬ ಪ್ರಶ್ನೆಗೂ ಉತ್ತರ ಅಲ್ಲೇ ಇದೆ. ಎರಕದ ನಾಣ್ಯದ ಅಂಚಿನಲ್ಲಿ ಬೋಳು ಪಟ್ಟಿಯ ಬದಲು, ಎರಡು ಅಚ್ಚುಗಳು ಸೇರಿದ ಗೆರೆಯೊಂದು ಸುತ್ತಲೂ ಎಳೆದಂತಿರುತ್ತದೆ.

ಕಲ್ಲಿನ ಮೇಲೆ ಬೀಳಿಸಿ ಸದ್ದು ಕೇಳುವ ಹಳೆಯ ಪದ್ಧತಿಯನ್ನು ರಿಪೇರಿಯಾದ ನಾಣ್ಯಕ್ಕೆ ಬಳಸಬೇಡಿ. ತೂತು ಮುಚ್ಚಿದ, ಒಳಗೆ ಬಿರುಕಿರುವ ಅಸಲಿಯೂ ಮಂಕಾಗಿ ಸದ್ದು ಮಾಡುತ್ತದೆ. ನಿಮ್ಮ ವ್ಯಾಪಾರಿ ಇದನ್ನೇ ಮಾಡಿದ್ದರೂ ಆಶ್ಚರ್ಯವಿಲ್ಲ.

ನಾಣ್ಯದ ಮೇಲಿನ ಬರಹವನ್ನೂ ಪರೀಕ್ಷಿಸಿ, ಖೋಟಾ ಮಾಡುವವರು ಇತಿಹಾಸದಲ್ಲಿ ದಡ್ಡರು. 1840ರ ಮತ್ತು 1862ರ ರೂಪಾಯಿಗಳನ್ನು ಆಯಾ ಇಸವಿಯನ್ನೇ ಉಳಿಸಿಕೊಂಡು ಹಲವು ವರ್ಷ ಒತ್ತಿದರು. ಪ್ರತಿವರ್ಷ ಇಸವಿ ಬದಲಾಯಿಸುವ ಕ್ರಮ ಬಂದದ್ದು 1874ರಲ್ಲಿ. 1868ರ ಚಲಾವಣೆಯ ರೂಪಾಯಿ ಎಂದು ಯಾರಾದರೂ ತೋರಿಸಿದರೆ ಕೈಮುಗಿದು ಹೊರಡಿ. ವಿಕ್ಟೋರಿಯಾ ಕ್ವೀನ್ ಎಂದಿದ್ದದ್ದು ಎಂಪ್ರೆಸ್ ಆದದ್ದು 1877ರಿಂದ, ಅಂದರೆ ನಿಮ್ಮ 1862ರದ್ದರಲ್ಲಿ ಕ್ವೀನ್, 1901ರದ್ದರಲ್ಲಿ ಎಂಪ್ರೆಸ್ ಇರಬೇಕು. ಎಡ್ವರ್ಡ್‌ನ ತಲೆಯ ಮೇಲೆ ಕಿರೀಟ ಇರಬಾರದು, ಜಾರ್ಜ್‌ನ ತಲೆಯ ಮೇಲೆ ಇರಬೇಕು. ರಾಮ ಸೀತೆಯರ ಚಿತ್ರದ ಈಸ್ಟ್ ಇಂಡಿಯಾ ಕಂಪನಿ 1818 ಎಂಬ ಬಿಲ್ಲೆಗಳನ್ನು ಕಂಪನಿ ಎಂದೂ ಒತ್ತಿರಲಿಲ್ಲ.

1919ರದ್ದರಲ್ಲಿ ಆನೆ ಕಾಣುತ್ತಿಲ್ಲ ಎಂದು ಬರೆದಿದ್ದೀರಿ. ಜಾರ್ಜ್‌ನ ನಿಲುವಂಗಿಯ ಮೇಲಿನ ಆ ಪುಟ್ಟ ಆನೆ ಉಬ್ಬಾದ ಜಾಗದಲ್ಲಿರುವುದರಿಂದ ಪಾಲಿಶ್‌ಗೆ ಮೊದಲು ಬಲಿಯಾಗುವುದೇ ಅದು. 1911ರ ಅಚ್ಚಿನಲ್ಲಿ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡು ಜನ ಆಕ್ಷೇಪಿಸಿದ್ದರಿಂದ, 1912ರಿಂದ ಸರಿಪಡಿಸಿದರು. ಈಗ ಸವೆದ ಆನೆಯನ್ನೇ ತೋರಿಸಿ ಹಂದಿ ರೂಪಾಯಿ ಎಂದು ದುಬಾರಿಗೆ ಮಾರುವವರಿದ್ದಾರೆ. ನಿಮ್ಮದರಲ್ಲಿ ಇಸವಿಯೇ 1919 ಎಂದಿದೆ, ಆ ಆಸೆ ಬೇಡ.

ನಿಮ್ಮ ಐದೂ ನಾಣ್ಯಗಳನ್ನು ಅಕ್ಕಪಕ್ಕ ಅಲ್ಲ, ಬೇರೆಯವರ ಅದೇ ಇಸವಿಯ ನಾಣ್ಯದ ಪಕ್ಕದಲ್ಲಿಟ್ಟು ನೋಡಿದರೆ ಇನ್ನೂ ಒಳ್ಳೆಯದು. ಅಸಲಿಯಿಂದ ಪಡಿಯಚ್ಚು ತೆಗೆದು ಮಾಡಿದ ನಕಲಿಗಳಲ್ಲಿ ಮೂಲದ ಪೆಟ್ಟಿನ ಗುರುತೂ ಸೇರಿಬಿಟ್ಟಿರುತ್ತದೆ. ಎರಡು ನಾಣ್ಯಗಳ ಒಂದೇ ಜಾಗದಲ್ಲಿ ಒಂದೇ ಆಕಾರದ ತಗ್ಗು ಇದ್ದರೆ ಕನಿಷ್ಠ ಒಂದಂತೂ ನಕಲಿ.

ನೀವು ಹಾಕಿದ ಚಿತ್ರಗಳಲ್ಲಿ ಫ್ಲ್ಯಾಶ್ ಬೆಳಕು ಎಲ್ಲವನ್ನೂ ನುಂಗಿದೆ. ಕಿಟಕಿಯ ಬೆಳಕು ಓರೆಯಾಗಿ ಬೀಳುವಲ್ಲಿಟ್ಟು, 1907ರದ್ದರ ಅಂಚಿನ ಚಿತ್ರವನ್ನೂ ಐದರ ಒಣ ತೂಕ, ನೀರಿನ ತೂಕಗಳನ್ನೂ ಹಾಕಿ. ಅಲ್ಲಿಯವರೆಗೆ ಮತ್ತೆ ಉಜ್ಜಬೇಡಿ, ಆಮ್ಲದ ಹನಿಯಂತೂ ಬೇಡವೇ ಬೇಡ. ಅಮೆರಿಕದ ತಂಗಿಗೆ ಎರಡು ಕಳಿಸಬಹುದೇ ಎಂದು ಕೊನೆಯಲ್ಲಿ ಕೇಳಿದ್ದೀರಿ. ಅಸಲಿಯಾಗಿದ್ದರೆ ಕಳಿಸುವಂತಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪುರಾತನ ವಸ್ತು, ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವುದು ಅಪರಾಧ. ನಿಮ್ಮ ಐದೂ ಆ ಲೆಕ್ಕಕ್ಕೆ ಬರುತ್ತವೆ.