ಸಂಪಾದಕರ ಉತ್ತರ: ರೋಟೊ ಮೇಜಿನವರಿಗೆ ಸಂಘ ಬೇಕೇ?

ಬೆಂಗಳೂರಿನ ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮಗಳ) ಸ್ಟುಡಿಯೊವೊಂದರಲ್ಲಿ ರೋಟೊ ಮತ್ತು ಪೇಂಟ್ ಕೆಲಸ, ಅಂದರೆ ಒಂದೊಂದು ಫ್ರೇಮಿನಲ್ಲೂ ಆಕೃತಿಯ ಅಂಚು ಬಿಡಿಸುವ, ಬೇಡದ್ದನ್ನು ಅಳಿಸುವ ಕೆಲಸ ಮಾಡುವ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೋರಿ, ಬರೆದಿದ್ದಾರೆ. ಪತ್ರದ ಸಾರ ಇಷ್ಟು: “ಗಡುವು ಹತ್ತಿರ ಬಂದರೆ ಭಾನುವಾರವೂ ಸೇರಿ ರಾತ್ರಿ ಹನ್ನೊಂದರವರೆಗೆ ಕೂರುತ್ತೇವೆ. ಅದಕ್ಕೆ ಸಿಗುವುದು ಊಟ ಮತ್ತು ಕ್ಯಾಬ್ ಮಾತ್ರ. ಸೇರುವಾಗ ಎರಡು ವರ್ಷದ ಬಾಂಡ್ ಬರೆಸಿಕೊಂಡು ಪದವಿಯ ಮೂಲ ಅಂಕಪಟ್ಟಿ ಇಟ್ಟುಕೊಂಡರು. ಅವಧಿ ಮುಗಿದರೂ ಅದು ಕೈಗೆ ಬಂದಿಲ್ಲ. ಗೆಳೆಯರು ಯೂನಿಯನ್ ಸೇರು ಎನ್ನುತ್ತಾರೆ. ಐಟಿಐ ಟೆಲಿಫೋನ್ ಕಾರ್ಖಾನೆಯಲ್ಲಿದ್ದ ಅಜ್ಜ ಸೈ ಎನ್ನುತ್ತಾರೆ, ಅಮ್ಮ ಬೇಡವೇ ಬೇಡ ಎನ್ನುತ್ತಾರೆ. ನಾವು ಕಲಾವಿದರು, ಕಾರ್ಮಿಕರಲ್ಲ ಎಂಬುದು ನಮ್ಮ ಲೀಡ್ (ತಂಡದ ಮುಖ್ಯಸ್ಥರ) ವಾದ. ಸೇರಿದರೆ ನನ್ನ ಕೆಲಸ ಹೋಗುತ್ತದೆಯೇ? ಇಲ್ಲಿಗೆ ಬರುವ ಕೆಲಸವೇ ಬೇರೆ ದೇಶಕ್ಕೆ ಹೋಗುತ್ತದೆಯೇ?”

ಸೇರಿ ಎಂಬುದೇ ನನ್ನ ಉತ್ತರ. ಆದರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂದು ತಿಳಿದು ಸೇರಿ.

ಮೊದಲು ನಿಮ್ಮ ಲೀಡ್ ಮಾತು. ತಾಂತ್ರಿಕ ಕೆಲಸ, ಕುಶಲ ಕೆಲಸ ಮಾಡುವವರನ್ನು ಕಾನೂನು ಕಾರ್ಮಿಕರ ವ್ಯಾಖ್ಯೆಯೊಳಗೇ ಇಟ್ಟಿದೆ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲೂ ಹಾಗೇ ಇತ್ತು, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಹಾಗೇ ಇದೆ. ಆ ವ್ಯಾಖ್ಯೆಯಿಂದ ಹೊರಗೆ ಬೀಳುವವರು ಯಾರೆಂದರೆ ಆಡಳಿತದವರು, ಮತ್ತು ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಸಂಬಳ ಪಡೆಯುವ ಮೇಲ್ವಿಚಾರಕರು. ಅಂದರೆ ಹೊರಗೆ ಉಳಿಯುವ ಸಾಧ್ಯತೆ ಇರುವುದು ನಿಮ್ಮ ಲೀಡ್‌ಗೇ ಹೊರತು ನಿಮಗಲ್ಲ. ಅವರ ತತ್ತ್ವಜ್ಞಾನವನ್ನು ಆ ಬೆಳಕಿನಲ್ಲೂ ಒಮ್ಮೆ ನೋಡಬಹುದು!

ನಿಮ್ಮ ಭಾನುವಾರ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡೋಣ. ಐದು ಸೆಕೆಂಡಿನ ಶಾಟ್ ಎಂದರೆ, ಸೆಕೆಂಡಿಗೆ 24ರಂತೆ, 120 ಫ್ರೇಮ್. ಮಳೆಯಲ್ಲಿ ಓಡುವ ನಟಿಯ ಒದ್ದೆ ಕೂದಲಿನ ಅಂಚನ್ನು ಹಿಂದಿನ ಎಲೆಗಳಿಂದ ಬೇರ್ಪಡಿಸಲು ಬಿಂದು ಬಿಂದುವಾಗಿ ಗೆರೆ ಎಳೆಯುತ್ತಾ ಬರುತ್ತೀರಿ. ಕ್ಯಾಮೆರಾ ಅಲುಗಿದಲ್ಲೆಲ್ಲ ಗೆರೆ ಜಾರುತ್ತದೆ, ಮತ್ತೆ ಕೂರಿಸಬೇಕು. ಬಿಡ್‌ನಲ್ಲಿ (ಕೆಲಸ ಹಿಡಿಯಲು ಸ್ಟುಡಿಯೊ ಕೊಡುವ ದಿನ-ದರದ ಅಂದಾಜಿನಲ್ಲಿ) ಇದಕ್ಕೆ ನಾಲ್ಕು ದಿನ ಎಂದು ಬರೆದಿರುತ್ತಾರೆ. ಮೂರನೆಯ ದಿನ ಕ್ಲೈಂಟ್ ಕಡೆಯಿಂದ ಹೊಸ ಕಟ್ (ಸಂಕಲನದ ಹೊಸ ರೂಪ) ಬರುತ್ತದೆ: ಶಾಟ್ ಉದ್ದವಾಗಿದೆ, ಪ್ಲೇಟ್ (ಚಿತ್ರೀಕರಿಸಿದ ಮೂಲ ದೃಶ್ಯ) ಬದಲಾಗಿದೆ. ಸ್ಟುಡಿಯೊ ಒಪ್ಪಿಕೊಂಡ ಮೊತ್ತ ಮಾತ್ರ ಬದಲಾಗುವುದಿಲ್ಲ. ಆ ಹೆಚ್ಚುವರಿ ದಿನಗಳನ್ನು ಯಾರಾದರೂ ತುಂಬಿಕೊಡಲೇಬೇಕು. ಕ್ಲೈಂಟ್‌ಗೆ ಇಲ್ಲ ಎನ್ನುವ ಧೈರ್ಯ ಸ್ಟುಡಿಯೊಗೆ ಇಲ್ಲ, ಸ್ಟುಡಿಯೊಗೆ ಇಲ್ಲ ಎನ್ನುವ ಧೈರ್ಯ ಒಂಟಿಯಾಗಿ ನಿಮಗೂ ಇಲ್ಲ. ನಿಮ್ಮ ಮ್ಯಾನೇಜರ್ ಕೆಟ್ಟವರೆಂದು ಹೀಗಾಗುತ್ತಿಲ್ಲ. ಇಡೀ ಉದ್ಯಮದ ಲೆಕ್ಕವೇ ಹೀಗೆ ನಿಂತಿದೆ. ಲಾಸ್ ಏಂಜಲೀಸ್‌ನ ವಿಎಫ್‌ಎಕ್ಸ್ ಸ್ಟುಡಿಯೊ ರಿದಮ್ ಆ್ಯಂಡ್ ಹ್ಯೂಸ್ 2013ರ ಫೆಬ್ರುವರಿಯಲ್ಲಿ ದಿವಾಳಿ ಅರ್ಜಿ ಹಾಕಿತು. ಅದೇ ತಿಂಗಳು ಅದರ ಕೆಲಸಕ್ಕೆ ‘ಲೈಫ್ ಆಫ್ ಪೈ’ ಚಿತ್ರದ ಮೂಲಕ ಆಸ್ಕರ್ ಬಂತು. ಒಳಗೆ ಪ್ರಶಸ್ತಿ ಪ್ರದಾನ ನಡೆಯುತ್ತಿದ್ದಾಗ ಹೊರಗೆ ನೂರಾರು ವಿಎಫ್‌ಎಕ್ಸ್ ಕಲಾವಿದರು ಪ್ರತಿಭಟಿಸುತ್ತಿದ್ದರು.

ಕೆಲಸ ಬೇರೆಡೆಗೆ ಹೋಗುತ್ತದೆ ಎಂಬ ಭಯ ಪೂರ್ತಿ ಸುಳ್ಳಲ್ಲ. ಕಡಿಮೆ ಖರ್ಚು ಎಂದೇ ಅದು ಇಲ್ಲಿಗೆ ಬಂದದ್ದು. ಆದರೆ 2025ರ ಫೆಬ್ರುವರಿಯಲ್ಲಿ ವಿಎಫ್‌ಎಕ್ಸ್ ಸ್ಟುಡಿಯೊಗಳ ಟೆಕ್ನಿಕಲರ್ ಸಮೂಹ ಕುಸಿದು ಬೆಂಗಳೂರಿನ ಮೇಜುಗಳೂ ಖಾಲಿಯಾದದ್ದು ಯಾವ ಯೂನಿಯನ್ನಿನ ಬೇಡಿಕೆಯಿಂದಲೂ ಅಲ್ಲ; ಪ್ಯಾರಿಸ್ಸಿನ ಕೇಂದ್ರ ಕಚೇರಿಗೆ ಹಣ ಹೊಂದದೆ. ಇನ್ನೊಂದು ಕಡೆ ನೋಡಿ. ನಮ್ಮವರು ಎಷ್ಟೋ ಮಂದಿ ಹೋಗಿ ನೆಲೆಸಿರುವ ಕೆನಡಾದ ವ್ಯಾಂಕೂವರ್‌ನಲ್ಲಿ, 2020ರಲ್ಲಿ ಟಿಟ್‌ಮೌಸ್ ಅನಿಮೇಷನ್ ಸ್ಟುಡಿಯೊದವರು ಸಂಘ ಕಟ್ಟಿಕೊಂಡರು. ಹಾಲಿವುಡ್‌ನ ಅನಿಮೇಷನ್ ಕಲಾವಿದರ ಗಿಲ್ಡ್ 1952ರಿಂದಲೇ ಇದೆ. ಮಾರ್ವೆಲ್ ಸ್ಟುಡಿಯೊಸ್‌ನ ಸ್ವಂತ ವಿಎಫ್‌ಎಕ್ಸ್ ಸಿಬ್ಬಂದಿ 2023ರಲ್ಲಿ ಒಬ್ಬರೂ ವಿರೋಧಿಸದೆ ಯೂನಿಯನ್ ಪರ ಮತ ಹಾಕಿದರು.

ಇನ್ನು ನಮ್ಮ ರಾಜ್ಯದ ಮಾತು. ಕರ್ನಾಟಕ ಸರ್ಕಾರ ಐಟಿ ಕಂಪನಿಗಳ ಜೊತೆಗೆ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಸಂಸ್ಥೆಗಳಿಗೂ ಸ್ಥಾಯಿ ಆದೇಶಗಳ ಕಾಯ್ದೆಯಿಂದ (ಕೆಲಸದ ನಿಯಮಗಳನ್ನು ಬರೆದಿಡಬೇಕೆನ್ನುವ, ಈಗ ಹೊಸ ಸಂಹಿತೆಯೊಳಗೆ ಸೇರಿರುವ ಕಾನೂನು) ವಿನಾಯಿತಿ ಕೊಡುತ್ತಾ ಬಂದಿದೆ. 2024ರಲ್ಲಿ ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ವಿನಾಯಿತಿ ಪುಕ್ಕಟೆಯಲ್ಲ. ಆಡಳಿತ ಮತ್ತು ನೌಕರರ ಸಮಾನ ಪ್ರತಿನಿಧಿಗಳಿರುವ ಕುಂದುಕೊರತೆ ಸಮಿತಿ ಇರಬೇಕು, ಯಾರನ್ನಾದರೂ ಅಮಾನತು ಮಾಡಿದರೆ ಅಥವಾ ತೆಗೆದರೆ ಕಾರ್ಮಿಕ ಇಲಾಖೆಗೆ ತಿಳಿಸಬೇಕು ಎಂಬ ಷರತ್ತುಗಳಿವೆ. ನಿಮ್ಮ ಸ್ಟುಡಿಯೊದ ಆ ಸಮಿತಿಯಲ್ಲಿ ಯಾರಿದ್ದಾರೆಂದು ಎಚ್‌ಆರ್‌ ಅವರನ್ನು ಕೇಳಿ ನೋಡಿ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ ಹೇಳುತ್ತದೆ, ಬಿರಿಯಾನಿ ಹೇಳುವುದಿಲ್ಲ. ಇವನ್ನೆಲ್ಲ ಒಬ್ಬರೇ ಹೋಗಿ ಕೇಳಿದರೆ ತಕರಾರು ಎನಿಸುತ್ತದೆ. ಸಂಘದ ಪತ್ರದಲ್ಲಿ ಕೇಳಿದರೆ ಅದಕ್ಕೆ ಲಿಖಿತ ಉತ್ತರ ಬರುವ ಸಾಧ್ಯತೆ ಹೆಚ್ಚು.

ಇಲ್ಲಿ ಐಟಿ, ಐಟಿಇಎಸ್ ನೌಕರರ ಸಂಘವೊಂದಿದೆ, ಕೆಐಟಿಯು. 2024ರಲ್ಲಿ ದಿನಕ್ಕೆ ಹದಿನಾಲ್ಕು ಗಂಟೆ ದುಡಿಸುವ ಪ್ರಸ್ತಾವದ ವಿರುದ್ಧ ಬೀದಿಗಿಳಿದವರು ಇವರೇ. ಇದು ಎಡಪಂಥೀಯ ಕಾರ್ಮಿಕ ಒಕ್ಕೂಟ ಸಿಐಟಿಯು ಜೊತೆಗಿರುವ ಸಂಘ. ಕೆಂಪು ಬಾವುಟ ಒಗ್ಗದವರು ಸೇರುವ ಮುನ್ನವೇ ಯೋಚಿಸಲಿ. ಒಂದಕ್ಕಿಂತ ಹೆಚ್ಚು ಸಂಘಗಳಿರುವ ಕಂಪನಿಯೊಡನೆ ಸಂಘವೊಂದೇ ಕೂತು ಮಾತಾಡುವ ಅಧಿಕಾರ ಪಡೆಯಲು ಹೊಸ ಸಂಹಿತೆಯ ಪ್ರಕಾರ ಅಲ್ಲಿನ ಕಾರ್ಮಿಕರಲ್ಲಿ ಶೇ 51ರಷ್ಟು ಮಂದಿ ಅದರ ಸದಸ್ಯರಾಗಿರಬೇಕು. ಅಲ್ಲಿಗೆ ಮುಟ್ಟುವುದು ವರ್ಷಗಳ ಕೆಲಸ. ಸಂಘ ಸೇರಿದರೆ ತೆಗೆಯುತ್ತೇವೆ ಎಂದು ಬೆದರಿಸುವುದು ಕಾನೂನಿನ ಕಣ್ಣಲ್ಲಿ ಅನುಚಿತ ಕಾರ್ಮಿಕ ಪದ್ಧತಿ. ಹಾಗೆಂದು ಬೇರೆ ನೆಪ ಹುಡುಕುವವರು ಇರುವುದಿಲ್ಲ ಎಂದಲ್ಲ. ಅಮ್ಮನ ಭಯವನ್ನು ನಗೆಯಾಡಿ ತಳ್ಳಿಹಾಕಬೇಡಿ. ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಗಳು 1980-81ರ ಮುಷ್ಕರದಲ್ಲಿ 77 ದಿನ ನಿಂತಾಗ ಮನೆ ನಡೆಸಿದ್ದು ಹೇಗೆಂದು ಅಜ್ಜನನ್ನೂ ಕೇಳಿ.

ಬಾಂಡ್ ಬಗ್ಗೆ ಒಂದು ಮಾತು. ಅದೆಲ್ಲ ರದ್ದಿ ಕಾಗದ ಎಂಬ ಗೆಳೆಯರ ಭರವಸೆಯನ್ನು ನಂಬಬೇಡಿ. ಬ್ಯಾಂಕೊಂದರ ಎರಡು ಲಕ್ಷ ರೂಪಾಯಿಯ ಬಾಂಡ್ ಅನ್ನು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿದಿದೆ. ನಿಮ್ಮದು ಅವಧಿ ಮುಗಿದ ಬಾಂಡ್, ಮಾತು ಬೇರೆ. ಅಂಕಪಟ್ಟಿಯನ್ನು ಇಮೇಲ್‌ನಲ್ಲಿ, ದಿನಾಂಕ ಹಾಕಿ ಕೇಳಿ, ಬಾಯಿಮಾತು ಸಾಲದು.

ಸಂಘ ಸೇರುವ ಮೊದಲೇ ಒಂದು ಕೆಲಸ ಶುರು ಮಾಡಿ. ಪ್ರತಿದಿನ ಬಂದ ಹೊತ್ತು, ಹೊರಟ ಹೊತ್ತು, ಭಾನುವಾರ ಬರಲು ಹೇಳಿದವರು ಯಾರು ಎಂಬುದನ್ನು ಸ್ವಂತ ಪುಸ್ತಕದಲ್ಲಿ ಬರೆದಿಡಿ. ಚಿತ್ರದ ಹೆಸರು, ಶಾಟ್‌ನ ಸಂಖ್ಯೆ, ತೆರೆಯ ಫೋಟೊ ಯಾವುದೂ ಅದರಲ್ಲಿ ಬೇಡ. ಗೋಪ್ಯತಾ ಒಪ್ಪಂದ ಮುರಿದರೆ ನಿಮ್ಮನ್ನು ತೆಗೆಯಲು ಅವರಿಗೆ ನಿಜವಾದ ಕಾರಣವೇ ಸಿಕ್ಕಂತಾಗುತ್ತದೆ, ಆಗ ಯಾವ ಸಂಘವೂ ಹೆಚ್ಚೇನೂ ಮಾಡಲಾರದು.