ಅಜ್ಜಿಯ ಎರಡನೇ ಮೇಣದಬತ್ತಿ

ನಮಸ್ಕಾರ. ಯಾರಿಗೆ ಸ್ವರ್ಗ ಸಿಗುತ್ತದೆ ಅಂತ ಕ್ಯಾಥೊಲಿಕ್ ಧರ್ಮಸಭೆ ಹೇಳುತ್ತಾ ಬಂದಿದೆ ಅನ್ನುವ ಬಗ್ಗೆ ನೀವು ಕಳಿಸಿದ 'ಸ್ವರ್ಗದ ಬೀಗದ ಕೈ ಯಾರ ಹತ್ತಿರ?' ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. 'ವಿಷಾದಿಸುತ್ತೇವೆ' ಅಂತ ಒಂದು ಸಾಲು ಬರೆದು ಕಳಿಸಿಬಿಡುತ್ತಿದ್ದೆನೇನೋ, ಆದರೆ ಹನ್ನೊಂದನೇ ಪುಟದಲ್ಲಿ ನಿಮ್ಮ ಅಜ್ಜಿ ಬಂದರು. ಅವರನ್ನು ಓದಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ಆ ಜಾಗವನ್ನು ನೀವೇ ಇನ್ನೊಮ್ಮೆ ಓದಿ ನೋಡಿ. ನವೆಂಬರ್ 2, ಸಕಲ ಆತ್ಮರ ದಿನ. ಎಲ್ಲರೂ ತಮ್ಮವರ ಸಮಾಧಿ ತೊಳೆದು, ಸೇವಂತಿಗೆ ಇಟ್ಟು, ಮೇಣದಬತ್ತಿ ಹಚ್ಚುತ್ತಿದ್ದಾರೆ. ಅಜ್ಜಿ ಅಜ್ಜನ ಸಮಾಧಿಗೆ ಒಂದು ಹಚ್ಚಿ, ಎರಡನೆಯದನ್ನು ಗಾಳಿಗೆ ಆರದ ಹಾಗೆ ಸೆರಗಿನಲ್ಲಿ ಮರೆ ಮಾಡಿಕೊಂಡು ಕಾಂಪೌಂಡ್ ಗೋಡೆಯ ಆಚೆ ಹೋಗುತ್ತಾರೆ. ಅಲ್ಲಿ ಶಿಲುಬೆ ಇಲ್ಲ, ಹೆಸರಿಲ್ಲ, ಲಂಟಾನ ಪೊದೆ ಇದೆ. ಅವರ ಚೊಚ್ಚಲ ಮಗು ಹುಟ್ಟಿ ಒಂದು ಗಂಟೆಯೊಳಗೆ ತೀರಿಹೋಗಿತ್ತು. ಜ್ಞಾನಸ್ನಾನ (ನೀರು ಹಾಕಿ ಧರ್ಮಸಭೆಗೆ ಸೇರಿಸಿಕೊಳ್ಳುವ ಸಂಸ್ಕಾರ) ಆಗಿರಲಿಲ್ಲ, ಹಾಗಾಗಿ ಒಳಗೆ ಜಾಗ ಕೊಡಲಿಲ್ಲ. "ಅದು ಈಗ ಎಲ್ಲಿದೆಯೋ" ಅಂತ ಅಜ್ಜಿ ಪ್ರತಿ ವರ್ಷ ಕೇಳುತ್ತಾರೆ. ಇಷ್ಟನ್ನು ಆರು ಸಾಲಿನಲ್ಲಿ ಮುಗಿಸಿ ನೀವು ಮತ್ತೆ ಮಹಾಸಭೆಗಳ (ಬಿಷಪ್ಪರೆಲ್ಲ ಸೇರಿ ನಂಬಿಕೆಯ ವಿಷಯ ತೀರ್ಮಾನಿಸುವ ಸಭೆಗಳ) ಪಟ್ಟಿಗೆ ಓಡಿಬಿಟ್ಟಿದ್ದೀರಿ. ಯಾಕೆ? ನಿಮ್ಮ ಲೇಖನ ಅಲ್ಲೇ ಇತ್ತಲ್ವಾ?

ಈಗ ತಪ್ಪುಗಳ ವಿಷಯಕ್ಕೆ ಬರ್ತೀನಿ. ನಾನೂ ಚರ್ಚಿನ ಬೆಂಚಿನಲ್ಲಿ ಕೂತು ಕ್ಯಾಟೆಕಿಸಂ, ಅಂದರೆ ಧರ್ಮಪಾಠ, ಕಲಿತವಳು, ಆದ್ದರಿಂದ ನೇರವಾಗಿಯೇ ಹೇಳ್ತೀನಿ. ನಿಮ್ಮ ವಾದ ಇಷ್ಟು: 1964ರವರೆಗೆ 'ಕ್ಯಾಥೊಲಿಕರಿಗೆ ಮಾತ್ರ ಸ್ವರ್ಗ' ಅಂತಿದ್ದರು, ಎರಡನೇ ವ್ಯಾಟಿಕನ್ ಮಹಾಸಭೆ ಬಂದು 'ಎಲ್ಲರಿಗೂ ಸ್ವರ್ಗ' ಅಂತ ಬದಲಾಯಿಸಿತು. ಈ ವಾದದ ಎರಡು ಅರ್ಧಗಳೂ ಸರಿಯಿಲ್ಲ.

'ಧರ್ಮಸಭೆಯ ಹೊರಗೆ ರಕ್ಷಣೆ ಇಲ್ಲ' (ರಕ್ಷಣೆ ಅಂದರೆ ಪಾಪದಿಂದ ಬಿಡುಗಡೆಯಾಗಿ ಸ್ವರ್ಗ ಸೇರುವುದು) ಎಂಬ ಮಾತು ಮೂರನೇ ಶತಮಾನದ, ಉತ್ತರ ಆಫ್ರಿಕದ ಕಾರ್ಥೇಜಿನ ಬಿಷಪ್ ಸಿಪ್ರಿಯನ್ನರದ್ದು. ನೀವು ಅವರ ಹೆಸರು ಹೇಳಿದ್ದೀರಿ, ಅವರು ಯಾರ ಜೊತೆ ಜಗಳ ಆಡುತ್ತಿದ್ದರು ಅಂತ ಹೇಳಿಲ್ಲ. ಧರ್ಮಸಭೆಯಿಂದ ಒಡೆದು ಹೋದವರು ಕೊಡುವ ಜ್ಞಾನಸ್ನಾನ ನಡೆಯುತ್ತದೋ ಇಲ್ಲವೋ ಅನ್ನುವುದು ಆ ಜಗಳ. ಯೇಸುವಿನ ಹೆಸರನ್ನೇ ಕೇಳದ ದೂರದ ಊರಿನವರ ಬಗ್ಗೆ ಅವರು ಅಲ್ಲಿ ಮಾತಾಡುತ್ತಿರಲಿಲ್ಲ. ಹಾಗಂತ ಮುಂದೆ ಬಂದ ಕಠಿಣ ಮಾತುಗಳನ್ನು ಮುಚ್ಚಿಡಬೇಡಿ. 1442ರಲ್ಲಿ ಫ್ಲಾರೆನ್ಸ್ ಮಹಾಸಭೆ ಅನ್ಯಧರ್ಮದವರು, ಯೆಹೂದ್ಯರು, ಪಂಥ ಒಡೆದವರು ಸಾಯುವ ಮೊದಲು ಧರ್ಮಸಭೆ ಸೇರದಿದ್ದರೆ ನಿತ್ಯದ ಬೆಂಕಿಗೆ ಹೋಗುತ್ತಾರೆ ಅಂತಲೇ ಬರೆಯಿತು. ಓದಲು ನೋವಾಗುತ್ತದೆ, ನನಗೂ ಆಗುತ್ತದೆ. ಆದರೆ ಶುಭಸಂದೇಶ ಲೋಕದ ಮೂಲೆ ಮೂಲೆಗೆ ಮುಟ್ಟಿಯಾಗಿದೆ, ಒಪ್ಪದವರೆಲ್ಲ ಬೇಕೆಂದೇ ಒಪ್ಪದವರು ಅಂತ ಆಗಿನವರು ಹೆಚ್ಚುಕಡಿಮೆ ನಂಬಿದ್ದರು. ಐವತ್ತು ವರ್ಷ ಕಳೆಯುವಷ್ಟರಲ್ಲಿ ಕೊಲಂಬಸ್ ಅಮೆರಿಕ ಮುಟ್ಟಿದ. ಯೇಸುವಿನ ಹೆಸರನ್ನೇ ಕೇಳದ ಜನ ತುಂಬಿದ ಖಂಡಗಳಿವೆ ಅಂತ ಗೊತ್ತಾದಾಗ ದೇವಶಾಸ್ತ್ರ ಓದಿದವರು ತಲೆ ಕೆಡಿಸಿಕೊಳ್ಳಲೇಬೇಕಾಯಿತು. ಈ ತಿರುವು ನಿಮ್ಮ ಲೇಖನದಲ್ಲಿ ಇಲ್ಲವೇ ಇಲ್ಲ. 1863ರಲ್ಲಿ ಒಂಬತ್ತನೇ ಪಯಸ್ ಪೋಪರು, ತಮ್ಮ ತಪ್ಪಿಲ್ಲದೆ ನಿಜ ಧರ್ಮವನ್ನು ಅರಿಯದವರು ಪ್ರಾಮಾಣಿಕವಾಗಿ ಬದುಕಿದರೆ ದೇವರ ಕೃಪೆಯಿಂದ ನಿತ್ಯಜೀವ ಪಡೆಯಬಹುದು ಅಂತ ಬರೆದರು. ನಿಮ್ಮ 1964ಕ್ಕಿಂತ ನೂರು ವರ್ಷ ಹಿಂದೆ!

ಬಾಸ್ಟನ್ನಿನ ಕಥೆಯನ್ನಂತೂ ಒಂದೇ ವಾಕ್ಯದಲ್ಲಿ ಹಾಳು ಮಾಡಿದ್ದೀರಿ. ಲೆನಾರ್ಡ್ ಫೀನಿ ಅಂತ ಜೆಸ್ವಿಟ್ ಎಂಬ ಸನ್ಯಾಸಿ ಸಂಘದ ಗುರು. ಹಾರ್ವರ್ಡ್ ಪಕ್ಕದ ಒಂದು ಕೇಂದ್ರದಲ್ಲಿ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದರು. ಕ್ಯಾಥೊಲಿಕರಾಗದೆ ಯಾರಿಗೂ ರಕ್ಷಣೆ ಇಲ್ಲ, ಇದಕ್ಕೆ ವಿನಾಯಿತಿಯೂ ಇಲ್ಲ ಅಂತ ಪಟ್ಟು ಹಿಡಿದರು. 1949ರ ಆಗಸ್ಟ್‌ನಲ್ಲಿ ರೋಮ್‌ನಿಂದ ಬಾಸ್ಟನ್ನಿನ ಆರ್ಚ್‌ಬಿಷಪ್ಪರಿಗೆ ಪತ್ರ ಬಂತು: ಆ ಹಳೆಯ ಮಾತು ನಿಜ, ಆದರೆ ಅದನ್ನು ಧರ್ಮಸಭೆ ಅರ್ಥ ಮಾಡಿಕೊಂಡ ಹಾಗೆಯೇ ಅರ್ಥ ಮಾಡಿಕೊಳ್ಳಬೇಕು, ಬಯಕೆಯಿಂದಲೂ ಒಬ್ಬರು ಅದಕ್ಕೆ ಸೇರಿರಬಹುದು. ಫೀನಿ ಒಪ್ಪಲಿಲ್ಲ. ರೋಮ್‌ಗೆ ಬನ್ನಿ ಅಂದರೆ ಹೋಗಲಿಲ್ಲ. 1953ರಲ್ಲಿ ಅವರನ್ನು ಧರ್ಮಸಭೆಯಿಂದ ಹೊರಗಿಟ್ಟರು, ಕಾಗದದ ಮೇಲೆ ಅವಿಧೇಯತೆಗಾಗಿ. 1972ರಲ್ಲಿ ಮತ್ತೆ ಸೇರಿಸಿಕೊಂಡಾಗ ಮಾತು ಹಿಂದೆ ತೆಗೆದುಕೊಳ್ಳಿ ಅಂತ ಕೇಳಲಿಲ್ಲ. ಇಷ್ಟು ವರ್ಷ ಆ ಮನುಷ್ಯ ಹೊರಗೆ ನಿಂತು ಏನು ಯೋಚಿಸಿರಬಹುದು? ಇಲ್ಲಿ ಒಂದು ಪುಟವಾದರೂ ನಿಲ್ಲಿ.

ಇನ್ನು 1964. ಎರಡನೇ ವ್ಯಾಟಿಕನ್ ಮಹಾಸಭೆಯ 'ಲೂಮೆನ್ ಜೆಂಟಿಯುಮ್' ದಾಖಲೆಯ 16ನೇ ವಿಭಾಗ, ಯೇಸುವನ್ನೂ ಧರ್ಮಸಭೆಯನ್ನೂ ತಮ್ಮ ತಪ್ಪಿಲ್ಲದೆ ಅರಿಯದಿದ್ದರೂ ಮನಃಸಾಕ್ಷಿಗೆ ತಕ್ಕಂತೆ ದೇವರನ್ನು ಹುಡುಕುವವರು ರಕ್ಷಣೆ ಪಡೆಯಬಹುದು ಅನ್ನುತ್ತದೆ. 'ಪಡೆಯಬಹುದು' ಅಂತ ಇರುವುದನ್ನು ನೀವು 'ಪಡೆಯುತ್ತಾರೆ' ಅಂತ ಮಾಡಿದ್ದೀರಿ. ಒಂದು ಕ್ರಿಯಾಪದದಲ್ಲಿ ಇಡೀ ನಂಬಿಕೆ ಅಡಿಮೇಲಾಗುತ್ತದೆ. ಮೈಸೂರಿನ ಹಿಂದೂ ಮುದುಕಿಯೊಬ್ಬರು ಸ್ವರ್ಗದಲ್ಲಿದ್ದರೆ ಅವರನ್ನು ಅಲ್ಲಿಗೆ ತಂದದ್ದು ಯೇಸುವೇ, ಅದು ಅವರಿಗೆ ಗೊತ್ತಿರಲಿ ಬಿಡಲಿ. ಇದು ಕ್ಯಾಥೊಲಿಕ್ ನಂಬಿಕೆ. ಇದನ್ನು ಕೇಳಿದರೆ ಆ ಮುದುಕಿಯ ಮೊಮ್ಮಕ್ಕಳಿಗೆ ಸಿಟ್ಟು ಬರಬಹುದು, ಬರಲಿ. ಓದುಗರಿಗೆ ಇಷ್ಟವಾಗಲಿ ಅಂತ ನಂಬಿಕೆಯ ಅಂಚನ್ನು ಉಜ್ಜಿ ನುಣುಪು ಮಾಡಬೇಡಿ.

ಸಣ್ಣವು ಕೆಲವಿವೆ. ಸತ್ತವರ ಆತ್ಮ ಸ್ವರ್ಗಕ್ಕೆ ಮೊದಲು ಶುದ್ಧವಾಗುವ ಶುದ್ಧೀಕರಣ ಸ್ಥಳವನ್ನು 'ಅರ್ಧ ಒಳ್ಳೆಯವರು ಹೋಗುವ ಮೂರನೇ ಜಾಗ' ಅಂದಿದ್ದೀರಿ. ಅಲ್ಲಿರುವ ಪ್ರತಿಯೊಬ್ಬರಿಗೂ ಸ್ವರ್ಗ ಖಚಿತ, ಅವರು ದಾರಿಯಲ್ಲಿದ್ದಾರೆ ಅಷ್ಟೆ. ಅದಕ್ಕೇ ಅವರಿಗಾಗಿ ಬಲಿಪೂಜೆ (ಚರ್ಚಿನ ಮಾಸ್) ಮಾಡಿಸುವುದು. 'ಒಳ್ಳೆಯ ಕೆಲಸ ಮಾಡಿ ಸ್ವರ್ಗ ಸಂಪಾದಿಸುತ್ತಾರೆ' ಅನ್ನುವುದೂ ತಪ್ಪು, ಕೃಪೆ ಇಲ್ಲದೆ ಬರೀ ಸ್ವಂತ ಕೆಲಸದಿಂದ ಯಾರೂ ದೇವರ ಮುಂದೆ ನೀತಿವಂತರಾಗುವುದಿಲ್ಲ ಅಂತ ಟ್ರೆಂಟ್ ಮಹಾಸಭೆ 1547ರಲ್ಲೇ ಹೇಳಿದೆ. ಯೇಸುವಿಗೆ ದ್ರೋಹ ಮಾಡಿದ ಯೂದ ನರಕದಲ್ಲಿದ್ದಾನೆ ಅಂತ ಧರ್ಮಸಭೆ ಸಾರಿದೆ ಅಂದಿದ್ದೀರಿ. ಸಂತರು ಅಂತ ಸಾವಿರಾರು ಜನರನ್ನು ಹೆಸರಿಟ್ಟು ಸಾರಿದೆ, ನರಕದಲ್ಲಿದ್ದಾರೆ ಅಂತ ಒಬ್ಬ ಮನುಷ್ಯನ ಹೆಸರನ್ನೂ ಸಾರಿಲ್ಲ.

ಮತ್ತೆ ಅಜ್ಜಿಯ ಹತ್ತಿರ ಹೋಗೋಣ. 'ಲಿಂಬೋವನ್ನು ಪೋಪರು 2007ರಲ್ಲಿ ರದ್ದು ಮಾಡಿದರು' ಅಂತ ಬರೆದಿದ್ದೀರಿ. ಜ್ಞಾನಸ್ನಾನ ಆಗದೆ ತೀರಿಹೋದ ಮಕ್ಕಳು ನೋವೂ ಇಲ್ಲದ, ದೇವರ ದರ್ಶನವೂ ಇಲ್ಲದ ಅಂಚಿನಲ್ಲಿ ಉಳಿಯುತ್ತಾರೆ ಅನ್ನುವ ಆ ಕಲ್ಪನೆ ಶತಮಾನಗಳ ಕಾಲ ಪಾಠದಲ್ಲಿತ್ತು, ಆದರೆ ನಂಬಲೇಬೇಕಾದ ಸತ್ಯ ಅಂತ ಯಾವತ್ತೂ ಸಾರಿರಲಿಲ್ಲ. ರದ್ದು ಮಾಡಲು ಅಲ್ಲಿ ಕಾನೂನೇ ಇರಲಿಲ್ಲ. 2007ರಲ್ಲಿ ರೋಮ್‌ನ ದೇವಶಾಸ್ತ್ರಜ್ಞರ ಆಯೋಗ, ಹದಿನಾರನೇ ಬೆನೆಡಿಕ್ಟ್ ಪೋಪರ ಒಪ್ಪಿಗೆ ಪಡೆದು, ಈ ಮಕ್ಕಳು ರಕ್ಷಣೆ ಪಡೆಯುತ್ತಾರೆ ಅಂತ ಭರವಸೆ ಇಡಲು ಗಟ್ಟಿ ಕಾರಣಗಳಿವೆ ಅಂತ ಪ್ರಕಟಿಸಿತು. ಖಚಿತ ಅನ್ನಲಿಲ್ಲ, ಭರವಸೆ ಅಂದಿತು. ಅದಕ್ಕೂ ಮೊದಲು, 1992ರ ಕ್ಯಾಟೆಕಿಸಂ ಪುಸ್ತಕದಲ್ಲಿ ಒಂದು ಮಾತಿದೆ: ದೇವರು ರಕ್ಷಣೆಯನ್ನು ಜ್ಞಾನಸ್ನಾನಕ್ಕೆ ಕಟ್ಟಿದ್ದಾನೆ, ತಾನು ಮಾತ್ರ ಸಂಸ್ಕಾರಗಳಿಗೆ ಕಟ್ಟುಬಿದ್ದಿಲ್ಲ. ನಿಮ್ಮ ಇಡೀ ಲೇಖನ ಈ ಮಾತಿನ ಸುತ್ತ ನಿಲ್ಲಬಲ್ಲದು.

ಇನ್ನೊಂದು ವಿಷಯ ಇದೆ, ಹುಷಾರಾಗಿ ಬಳಸಿ. ಹೆರಿಗೆ ಮಾಡಿಸಿದ ಸೂಲಗಿತ್ತಿ ಬೇರೆ ಧರ್ಮದವರು ಅಂತ ಬರೆದಿದ್ದೀರಿ. ಪ್ರಾಣ ಹೋಗುವ ಹೊತ್ತಿನಲ್ಲಿ ಯಾರು ಬೇಕಾದರೂ ಜ್ಞಾನಸ್ನಾನ ಕೊಡಬಹುದು, ಕ್ರೈಸ್ತರೇ ಆಗಬೇಕಿಲ್ಲ. ಧರ್ಮಸಭೆ ಮಾಡುವುದನ್ನೇ ಮಾಡುತ್ತೇನೆ ಅನ್ನುವ ಮನಸ್ಸಿರಬೇಕು, ತಲೆಗೆ ನೀರು ಹಾಕಿ 'ಪಿತನ, ಸುತನ, ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನಗೆ ಜ್ಞಾನಸ್ನಾನ ಕೊಡುತ್ತೇನೆ' ಅಂತ ಮಂತ್ರ ಹೇಳಬೇಕು. ಆ ಸೂಲಗಿತ್ತಿಯ ಪಕ್ಕದಲ್ಲಿ ಬಿಸಿನೀರಿನ ಹಂಡೆ ಇದ್ದೇ ಇತ್ತು. ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಇದನ್ನು ಅಜ್ಜಿಯ ಮುಂದೆ ಹೇಳಬೇಡಿ. ಲೇಖನದಲ್ಲಿ ತರಬೇಕೋ ಬೇಡವೋ ಅನ್ನುವುದನ್ನು ನಾನು ತೀರ್ಮಾನಿಸಲಾರೆ.

ಅಜ್ಜಿಗೆ ಹೇಳಬಹುದಾದ ಕಥೆಯೂ ಒಂದಿದೆ. 392ರಲ್ಲಿ ಎರಡನೇ ವ್ಯಾಲೆಂಟೀನಿಯನ್ ಎಂಬ ಯುವ ರೋಮನ್ ಚಕ್ರವರ್ತಿ ಜ್ಞಾನಸ್ನಾನ ಬೇಡಿದ್ದ, ಅದು ಆಗುವ ಮೊದಲೇ ಸತ್ತುಹೋದ. ಅವನ ತಂಗಿಯರು ಅಳುತ್ತಿದ್ದರು. ಮಿಲಾನಿನ ಬಿಷಪ್ ಆಂಬ್ರೋಸರು ಅಂತ್ಯಕ್ರಿಯೆಯಲ್ಲಿ, ಅವನು ಬೇಡಿದ್ದು ಅವನಿಗೆ ಸಿಕ್ಕಿದೆ ಅಂತ ಅವರಿಗೆ ಸಮಾಧಾನ ಹೇಳಿದರು. ಒಂದು ಗಂಟೆ ಬದುಕಿದ ಕೂಸು ಏನನ್ನೂ ಬೇಡಲಾರದು, ನಿಜ. ಅದರ ಪರವಾಗಿ ಅಮ್ಮ ಪ್ರತಿ ನವೆಂಬರಿನಲ್ಲಿ ಬೇಡುತ್ತಲೇ ಇದ್ದಾರಲ್ಲ.

ಮೂರು ಸಾವಿರ ಪದ ಜಾಸ್ತಿ ಆಯಿತು, ಹದಿನೈದು ನೂರಕ್ಕೆ ಇಳಿಸಿ. ಗೋಡೆಯ ಆಚೆಯಿಂದ ಶುರು ಮಾಡಿ. ಈ ಸಲದ ಸಕಲ ಆತ್ಮರ ದಿನಕ್ಕೆ ಅಜ್ಜಿಯ ಜೊತೆ ನೀವೂ ಹೋಗಿ ಬನ್ನಿ, ಬಂದ ಮೇಲೆ ಬರೆದು ಕಳಿಸಿ. ಡಿಸೆಂಬರ್ ಕೊನೆಯವರೆಗೆ ಕಾಯುತ್ತೇನೆ.