ವಿದೇಶಿ ಪಾದ್ರಿಗಳು ಇಲ್ಲಿಗೆ ಬಂದು ಧರ್ಮ ಹೇಳಿದ್ದಾದರೂ ಹೇಗೆ?

ಭಾಷೆ ಬಾರದ, ರೀತಿರಿವಾಜು ತಿಳಿಯದ ಊರಿಗೆ ಬಂದ ಮಿಶನರಿಗಳು ತಮ್ಮ ನಂಬಿಕೆಯನ್ನು ಹೇಗೆ ತಿಳಿಸುತ್ತಿದ್ದರು, ಜನ ಯಾಕೆ ಕೇಳಿದರು ಎಂದು ಕೇಳಿದ್ದೀರಿ. ನಾನು ಮಂಗಳೂರಿನಲ್ಲಿ, ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಬಂದ ಪ್ರಾಟೆಸ್ಟೆಂಟ್ ಸಂಸ್ಥೆಯಾದ ಬಾಸೆಲ್ ಮಿಶನ್ ಪರಂಪರೆಯ ಸಭೆಯಲ್ಲಿ ಬೆಳೆದವನು. ಹಾಗಾಗಿ ಆ ಒಂದು ಮಿಶನ್ನಿನ ಮಟ್ಟಿಗೆ ಮಾತ್ರ ಹೇಳುತ್ತೇನೆ.

ಮರದ ಕೆಳಗೆ ಬೈಬಲ್ ಹಿಡಿದು ನಿಂತ ಬಿಳಿಯ, ಸುತ್ತ ಬಾಯಿಬಿಟ್ಟು ಕೂತ ಜನ ಎಂಬ ಸಿನಿಮಾ ಚಿತ್ರವನ್ನು ಮೊದಲು ತಲೆಯಿಂದ ತೆಗೆದುಬಿಡಿ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದಾಗ ಎದುರಾದದ್ದು ಒಂದು ಭಾಷೆಯಲ್ಲ. ಕಚೇರಿಯಲ್ಲಿ ಕನ್ನಡ, ಗದ್ದೆಯಲ್ಲಿ ತುಳು, ಅಂಗಡಿಯಲ್ಲಿ ಕೊಂಕಣಿ, ಬಂದರಿನಲ್ಲಿ ಬ್ಯಾರಿ. 1847ರಲ್ಲಿ ತುಳುವಿನ ಹೊಸ ಒಡಂಬಡಿಕೆ ಅಚ್ಚಾಯಿತು, ಅದೂ ಕನ್ನಡ ಲಿಪಿಯಲ್ಲಿ. ಆದರೂ ನಮ್ಮ ಸಭೆಯಲ್ಲಿ ಗೆದ್ದದ್ದು ಕನ್ನಡ. ನನ್ನ ಅಜ್ಜಿ ಬೈಯುತ್ತಿದ್ದುದು ತುಳುವಿನಲ್ಲಿ, ಪ್ರಾರ್ಥನೆ ಮಾಡುತ್ತಿದ್ದುದು ಪುಸ್ತಕದ ಕನ್ನಡದಲ್ಲಿ.

ಭಾಷೆ ಕಲಿತ ಮೇಲೆಯೇ ನಿಜವಾದ ಪೇಚು ಶುರುವಾಗುವುದು. ಯಾವ ಪದ ಎತ್ತಿಕೊಂಡರೂ ಅದರೊಳಗೆ ಮೊದಲೇ ಯಾರೋ ಸಂಸಾರ ಹೂಡಿರುತ್ತಾರೆ. ಹೊಸದಾಗಿ ಹುಟ್ಟದಿದ್ದರೆ ದೇವರ ರಾಜ್ಯ ಕಾಣಲಾರೆ ಎನ್ನುತ್ತದೆ ಸುವಾರ್ತೆ. ಇನ್ನೊಂದು ಜನ್ಮ ಬೇಡವಪ್ಪಾ ಎಂದು ಕಂಡ ದೇವರಿಗೆಲ್ಲ ಕೈಮುಗಿಯುತ್ತಿರುವವನಿಗೆ ಈ ಮಾತು ಹೇಗೆ ಕೇಳಿಸೀತು? ‘ಪಾಪ’ ಎಂದರೆ ಪಾದ್ರಿಯ ಮನಸ್ಸಿನಲ್ಲಿ ಇರುವುದು ಆದಾಮನಿಂದ ಇಳಿದುಬಂದ ಕಳಂಕ. ಕೇಳುವವನಿಗೆ ಅದು ಪುಣ್ಯದ ಎದುರಿನ ಲೆಕ್ಕ, ಇಲ್ಲವೇ ಬರೀ ‘ಅಯ್ಯೋ ಪಾಪ’.

ಇದನ್ನು ಅರಿತ ಕೆಲವರು ಹೇಳುವುದರ ಜೊತೆಗೆ ಓದುವುದಕ್ಕೂ ಕೂತರು. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಡಿಸಿದ್ದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಸೋಜಿಗವೆನಿಸುವುದು ಬೇರೆ. ವಿಗ್ರಹಾರಾಧನೆ ತಪ್ಪು ಎಂದು ಸಾರುತ್ತಿದ್ದ ಇದೇ ಮನುಷ್ಯ ದಾಸರ ಪದಗಳನ್ನು, ಜೈಮಿನಿ ಭಾರತವನ್ನು, ಬಸವಪುರಾಣವನ್ನು ಅಚ್ಚು ಹಾಕಿಸಿದ! ಶುದ್ಧ ಪ್ರೀತಿಯಿಂದ ಮಾಡಿದ ಎಂದು ನಾನು ಹೇಳಲಾರೆ. ಎದುರಾಳಿಯ ಕೋಟೆಯ ನಕ್ಷೆ ತೆಗೆಯಲು ಹೋದವನು ಅಲ್ಲೇ ಮನೆ ಮಾಡಿಕೊಂಡ ಹಾಗೆ.

1853ರಲ್ಲಿ ಬಂದ ಕಿಟೆಲ್ ಅಂತೂ ಪೂರ್ತಿ ಒಳಗೇ ಉಳಿದರು. ಹಳೆಯ ವ್ಯಾಕರಣ ಶಬ್ದಮಣಿದರ್ಪಣವನ್ನು, ನಾಗವರ್ಮನ ಛಂದಸ್ಸನ್ನು ಸಂಪಾದಿಸಿದರು, ಕೊನೆಗೆ 1894ರಲ್ಲಿ ಸುಮಾರು 70,000 ಪದಗಳ ನಿಘಂಟು. ಅದಕ್ಕೂ ಮುಂಚೆ 1862ರಲ್ಲಿ ‘ಕಥಾಮಾಲೆ’ ಬರೆದರು, ಯೇಸುವಿನ ಕಥೆಯನ್ನು ನಮ್ಮದೇ ಛಂದಸ್ಸಿನಲ್ಲಿ. ತಮಾಷೆಯೆಂದರೆ ಅದನ್ನು ನಮ್ಮ ಸಭೆಯಲ್ಲಿ ಹಾಡಿದ್ದನ್ನು ನಾನು ಒಮ್ಮೆಯೂ ಕೇಳಿಲ್ಲ. ನಾವು ಹಾಡುವುದು ಜರ್ಮನ್ ರಾಗಕ್ಕೆ ಹೊಂದಿಸಿದ ಕನ್ನಡ ಸಾಲುಗಳನ್ನು. ರಾಗ ಎಳೆಯೆಂದ ಕಡೆ ಹ್ರಸ್ವವನ್ನೂ ಎಳೆಯುತ್ತೇವೆ. ಕಿಟೆಲರು ಕೇಳಿದರೆ ಕಿವಿ ಮುಚ್ಚಿಕೊಂಡಾರು.

ಇನ್ನು ಜನ ಯಾಕೆ ಕೇಳಿದರು? ಮೇಲ್ಜಾತಿಯವರು ಬಂದದ್ದು ಬೆರಳೆಣಿಕೆಯಷ್ಟು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರು ಬಾಸೆಲ್‌ಗೆ ಹೋಗಿ ಓದಿ, ಪಾದ್ರಿಯಾಗಿ ಮರಳಿದರು. ಹೆಚ್ಚಾಗಿ ಸೇರಿದವರು ಬಿಲ್ಲವರು. ಸೇರಿದ ದಿನವೇ ಕಳೆದುಕೊಳ್ಳುವುದೂ ಶುರು: ನೆಂಟರು ದೂರವಾದರು, ಧಣಿ ಗೇಣಿ ಗದ್ದೆ ಬಿಡಿಸಿದ, ಮೂರ್ತೆಗೆ, ಅಂದರೆ ಕಳ್ಳು ಇಳಿಸಲು, ಮರ ಹತ್ತುವುದನ್ನು ಮಿಶನ್ ತಾನೇ ಒಪ್ಪುತ್ತಿರಲಿಲ್ಲ. ಅವರ ಹೊಟ್ಟೆಪಾಡಿಗೆಂದೇ ನೇಯ್ಗೆ ಬಂತು, 1865ರಲ್ಲಿ ಮಿಶನ್ನಿನ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ. ‘ಅನ್ನಕ್ಕಾಗಿ ಮತ ಬಿಟ್ಟವರು’ ಎಂದು ಹೀಗಳೆಯುವವರು ಈ ಇಸವಿಗಳನ್ನು ನೋಡಬೇಕು. ಮಿಶನ್ ಬಂದು 31 ವರ್ಷವಾದ ಮೇಲೆ ಹಂಚು ಬಂದದ್ದು. ಹಾಗೆಂದು ಮಿಶನ್ನಿನ ವಕೀಲಿಯನ್ನೂ ನಾನು ಮಾಡಲಾರೆ. ಕೆಲಸ, ಮನೆ, ಶಾಲೆ, ಸಭೆ ನಾಲ್ಕೂ ಒಬ್ಬನೇ ಯಜಮಾನನ ಕೈಯಲ್ಲಿದ್ದರೆ, ನನಗೆ ನಂಬಿಕೆ ಬರುತ್ತಿಲ್ಲ ಎಂದು ಹೇಳುವ ಧೈರ್ಯ ಯಾರಿಗಿದ್ದೀತು?

ಇನ್ನೊಂದು ಮಾತು. ಪ್ರತಿಮೆಗಳು ನಿಂತಿರುವುದು ಜರ್ಮನರದ್ದು, ಮನೆಮನೆ ಹತ್ತಿಳಿದವರು ಇಲ್ಲಿಯ ಉಪದೇಶಿಗಳು, ಹೆಂಗಸರ ನಡುವೆ ಕೂತು ಓದಿ ಹೇಳಿದವರು ಇಲ್ಲಿಯ ಹೆಂಗಸರು. ಪಾದ್ರಿಯ ಪುಸ್ತಕದ ಮಾತನ್ನು ಅಂಗಳದ ತುಳುವಿಗೆ ಇಳಿಸಿದ್ದು ಇವರು. ‘ಹೇಗೆ ತಿಳಿಸುತ್ತಿದ್ದರು’ ಎಂಬ ನಿಮ್ಮ ಪ್ರಶ್ನೆಗೆ ನನ್ನ ನೇರ ಉತ್ತರ ಇದೇ.

ಬಿಟ್ಟುಕೊಟ್ಟದ್ದೂ ಇದೆ. ಭೂತಕೋಲಕ್ಕೆ ಹೋಗಬಾರದು, ಅದರ ಪ್ರಸಾದ ಮುಟ್ಟಬಾರದು. ಪಕ್ಕದ ಗುತ್ತಿನಮನೆಯಲ್ಲಿ ಕೋಲವಿದ್ದ ರಾತ್ರಿ ನನ್ನ ಅಜ್ಜ ಕಿಟಕಿಗಳನ್ನೆಲ್ಲ ಮುಚ್ಚಿಸಿ ಆರಾಮಕುರ್ಚಿಯಲ್ಲಿ ಬೈಬಲ್ ಹಿಡಿದು ಕೂರುತ್ತಿದ್ದರು. ಕೋಲದ ತೆಂಬರೆ ವಾದ್ಯದ ಸದ್ದು ಏರುತ್ತಿದ್ದಂತೆ ಅವರ ಬಲಗಾಲಿನ ಹೆಬ್ಬೆರಳು ತಾಳಕ್ಕೆ ಸರಿಯಾಗಿ ಆಡುತ್ತಿತ್ತು. ಅದನ್ನು ನೋಡಿ ನಾವು ಮಕ್ಕಳು ನಗು ತಡೆಯಲಾರದೆ ಒಳಗೆ ಓಡುತ್ತಿದ್ದೆವು.